ಸ್ವಾಮಿಯ ಬಟ್ಟಲಿಗೆ ದ್ರಾಕ್ಷಿ ನೀರು

...ಇಲ್ಲ ಇಲ್ಲ, ಮೊದಲು ಪ್ರಾರ್ಥನೆ, ಆಮೇಲೆ ಮಾತು. ಕಣ್ಣು ಮುಚ್ಚು ಪೆಗ್ಗಿ. ಬಂಡೆಯಿಂದ ನೀರು ಹರಿಸಿದ ಕರ್ತನೇ, ಕಾನಾ ಊರಿನ ಮದುವೆಮನೆಯ ಮಾನ ಕಾಪಾಡಿದ ಸ್ವಾಮಿಯೇ, ಈ ಮನೆಯ ಮೇಲೆ ನಿನ್ನ ಕೃಪೆಯಿರಲಿ, ನನ್ನ ನಾಲಿಗೆಯ ಮೇಲೆ ನಿನ್ನ ಸತ್ಯವಿರಲಿ... ಆಮೆನ್ ಅನ್ನು. ಅನ್ನೋದಿಲ್ಲವಾ? ಹೋಗಲಿ, ನಿನ್ನ ಪಾಲಿನದೂ ನಾನೇ ಅಂದೆ ಅಂದ್ಕೋ. ಆಮೆನ್, ಆಮೆನ್.

ಗಂಜಿ ಆರೋದರೊಳಗೆ ಕುಡಿ. ಬ್ರೆಡ್ಡು ನಾನೇ ಸುಟ್ಟದ್ದು. ಯಾಕೆ ಹಾಗೆ ನೋಡ್ತೀಯಾ? ತಬಿಥಾ ಕರ್ಶಾ ಬರಿಗೈಲಿ ಯಾರ ಮನೆಗೆ ಹೋದವಳು, ಹೇಳು!

ನೋಡು ತಾಯಿ, ನಾನು ಬಂದದ್ದು ಯಾಕೆ ಅಂತ ನಿನಗೂ ಗೊತ್ತು. ಗೋಡೆ ಮೇಲಿನ ಆ ಚೀಟಿ... ಇನ್ನು ಕುಡಿಯೋದಿಲ್ಲ ಅಂತ ನಿನ್ನ ಗಂಡ ಸೈಲಸ ಸಹಿ ಹಾಕಿದ ಪ್ರತಿಜ್ಞೆ ಚೀಟಿ. ಚೌಕಟ್ಟು ಹಾಕಿಸಿ ಎಷ್ಟು ಚೆನ್ನಾಗಿ ಇಟ್ಟಿದ್ದೀಯೆ! ಇಳಿಸಿ ಒಯ್ಯೋಕೆ ನನಗೇ ಮನಸ್ಸಿಲ್ಲ. ಆದರೆ ನಮ್ಮ ಪಾನವಿರೋಧಿ ಸಭೆಯ ನಿಯಮ ನಾನು ಮಾಡಿದ್ದಾ? ಕುಡಿದವನ ಚೀಟಿ ವಾಪಸ್ಸು. ಇವತ್ತು ಸಂಜೆ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ, ಬರೋ ಭಾನುವಾರ ಎಲ್ಲರ ಮುಂದೆ ಓದೋದು. ಗಿರಣಿ ಮೇಸ್ತ್ರಿ ಆ ಚೀಟಿ ನೋಡಿಯೇ ಅವನನ್ನು ಮಗ್ಗಕ್ಕೆ ಹಾಕಿದ್ದು, ಗೊತ್ತು. ಚೀಟಿ ಹೋದರೆ ಕೆಲಸವೂ... ಅದೂ ಗೊತ್ತು ಕಣೇ. ದೇವರು ಒಂದು ದಾರಿ ತೋರಿಸ್ತಾನೆ.

ಒಂದೂವರೆ ವರ್ಷ! ಒಂದೂವರೆ ವರ್ಷ ತೊಟ್ಟು ಮುಟ್ಟದವನು! ಪೆಂತೆಕೋಸ್ತ್ ಹಬ್ಬದ ಮೆರವಣಿಗೆಯಲ್ಲಿ ನಮ್ಮ ಬಾವುಟ ಹಿಡಿದು ಪ್ರೆಸ್ಟನ್ ಪೇಟೆಯೆಲ್ಲ ತಲೆಯೆತ್ತಿ ನಡೆದವನು! ಅಂಥವನು ಮೊನ್ನೆ ಭಾನುವಾರ ಕರ್ತನ ಭೋಜನ ಮುಗಿಸಿ, ನೆಟ್ಟಗೆ ಪಡಖಾನೆಗೆ ಹೋದ ಅಂದ್ರೆ! ಸೈತಾನನ ಧೈರ್ಯ ನೋಡು, ಸ್ವಾಮಿಯ ಮೇಜಿನಿಂದಲೇ ಎಳ್ಕೊಂಡು ಹೋದ.

ಯಾಕೆ ನಗ್ತೀಯಾ?

ಇದು ನಗೋ ಮಾತಾ ಪೆಗ್ಗಿ? ನಾನು ಅವನಿಗಾಗಿ ಮೂರು ದಿನದಿಂದ ಮೊಣಕಾಲೂರಿದ್ದೀನಿ. ಹಳೇ ಸ್ನೇಹಿತರು ಕರೆದಿರಬೇಕು. ಇಲ್ಲ ಅಂದ್ರೆ ಹಬ್ಬದ ಗದ್ದಲ. ಇಲ್ಲ ಅಂದ್ರೆ ದೇಹ ದುರ್ಬಲ... ದ್ರಾಕ್ಷಿ ನೀರಿಗೂ ಇದಕ್ಕೂ ಏನು ಸಂಬಂಧ?

ಹೂಂ, ನೀನು ಅದರ ಮಾತೆತ್ತಲಿಲ್ಲ. ಸರಿ. ಎತ್ತಿದರೆ ಅಂತ ಹೇಳಿದೆ. ಊರಲ್ಲಿ ಬಾಯಿಗಳಿಗೇನು ಬರವೇ?

ಕರ್ತನ ಭೋಜನದಲ್ಲಿ ಎಲ್ಲರೂ ಒಂದೊಂದು ಗುಟುಕು ಕುಡಿಯೋ ಸ್ವಾಮಿಯ ಬಟ್ಟಲಿಗೆ ಆರು ವರ್ಷದಿಂದ ದ್ರಾಕ್ಷಿ ನೀರು ಕಾಯಿಸ್ತಿರೋದು ಈ ಕೈ. ಆ ಬಾರ್ಲೋ ಮುದುಕ ಸಭೆಯಲ್ಲಿ ಎದ್ದು ನಿಂತು, 'ಹಿಂದಿನಿಂದ ದ್ರಾಕ್ಷಾರಸವೇ ಕೊಡ್ತಿದ್ವಿ, ಒಣದ್ರಾಕ್ಷಿ ಕಷಾಯ ಕುಡಿಸಿ ನಮ್ಮನ್ನೇನು ನೆಗಡಿಯಾದವರು ಅಂದ್ಕೊಂಡ್ರಾ?' ಅಂದಾಗ, ಎದುರು ನಿಂತವಳು ನಾನೊಬ್ಬಳೇ. ಕುಡಿತ ಬಿಟ್ಟವರ ಬಾಯಿಗೆ ದೇವರ ಹೆಸರಲ್ಲೇ ಮದ್ಯ ಹಾಕ್ತೀರಾ ಅಂತ ಕೇಳಿದೆ. ನಿನ್ನ ಗಂಡನಂಥವರಿಗೋಸ್ಕರವೇ ಕಣೇ ಕೇಳಿದ್ದು! ಅವತ್ತಿನಿಂದ ಶನಿವಾರ ತೊಳೆದು, ಕುದಿಸಿ, ಬಟ್ಟೆಯಲ್ಲಿ ಸೋಸಿ, ಭಾನುವಾರ ಬಟ್ಟಲಿಗೆ. ಒಂದು ಸಲವೂ ತಪ್ಪಿಲ್ಲ.

ಈ ಸಲ... ಈ ಸಲ ಹಬ್ಬದ ಚಹಾ ಕೂಟ ಇತ್ತಲ್ಲ. ಎಂಟುನೂರು ಜನಕ್ಕೆ ಚಹಾ ಬಗ್ಗಿಸಬೇಕಾದವಳು ಶನಿವಾರ ಒಲೆ ಮುಂದೆ ಕೂರೋಕಾಗುತ್ತಾ? ಹತ್ತು ದಿನ ಮುಂಚೆಯೇ ಮಾಡಿ ಕಲ್ಲುಜಾಡಿಗೆ ತುಂಬಿ ಒಲೆ ಪಕ್ಕ ಇಟ್ಟೆ. ಅಷ್ಟೇ. ಅದರಲ್ಲೇನು? ಬಿರಡೆ ಹಾರಿದ್ದು ಸೆಖೆಗೆ. ಸೆಖೆ ಇತ್ತಲ್ಲ.

...

ಬಿರಡೆ ಹಾರಿತು ಅಂತ ಯಾರು ಹೇಳಿದ್ರು ನಿನಗೆ?

ನೀನು ತುಟಿ ಎರಡು ಮಾಡಿಲ್ಲ. ನಾನೇ... ಅಯ್ಯೋ ಸ್ವಾಮಿ.

ಏನಾದರೂ ಅನ್ನು ಪೆಗ್ಗಿ. ಬೈದುಬಿಡು. ಆ ಪೊರಕೆ ತಗೊಂಡು ಆಚೆಗಾದರೂ ಓಡಿಸು. ಹೀಗೆ ಸುಮ್ಮನೆ ಕೂತು ಪ್ರಾಣ ತೆಗೀಬೇಡ!

ಒಂದೇ ಚಮಚ. ಭಾನುವಾರ ಬೆಳಿಗ್ಗೆ, ಒಂದೇ ಒಂದು ಚಮಚ ಬಾಯಿಗೆ ಹಾಕಿದೆ. ಗಂಟಲಲ್ಲಿ ಬೆಚ್ಚಗೆ ಇಳೀತು. ನಲವತ್ತು ವರ್ಷದ ಹಿಂದೆ ನಮ್ಮಪ್ಪ ರಾತ್ರಿ ಕುಡಿದು ಬಂದು ನನ್ನ ಹಣೆಗೆ ಮುತ್ತು ಕೊಡೋನು, ಆ ಉಸಿರು... ಅದೇ ವಾಸನೆ. ಜಾಡಿಯಲ್ಲೇ ಹುದುಗಿ ಹೆಂಡವಾಗಿದ್ದು ನನಗೆ ಗೊತ್ತಾಗದೇ ಇರುತ್ತಾ? ಚೆಲ್ಲಿ ಬರೀ ನೀರು ಇಡಬಹುದಿತ್ತು. ಸ್ವಾಮಿ ಬೇಜಾರು ಮಾಡ್ಕೋತಿರಲಿಲ್ಲ. ಆದರೆ ಬಾರ್ಲೋ! 'ಏನು ತಬಿಥಾ, ನೀರು ದ್ರಾಕ್ಷಾರಸವಾದ ಕಾನಾದ ಪವಾಡ ನಿನ್ನ ಅಡುಗೆಮನೆಯಲ್ಲೇ ಆಯ್ತಲ್ಲ!' ಅಂತ ಸಾಯೋ ತನಕ ನಗ್ತಿದ್ದ. ಆ ನಗು ತಡೆಯೋ ಶಕ್ತಿ ನನಗಿರಲಿಲ್ಲ. ಒಂದೊಂದು ಗುಟುಕು ತಾನೇ, ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡೆ. ಮಿಕ್ಕವರಿಗೆ ಗೊತ್ತಾಗಲೂ ಇಲ್ಲ. ಬಾರ್ಲೋ ಬಟ್ಟಲನ್ನ ಬೇಗ ಬಿಡಲಿಲ್ಲ, ಅಷ್ಟೇ. ಈ ಸಲದ್ದು ಬಹಳ ಚೆನ್ನಾಗಿದೆ ಅಂತ ನನ್ನ ಕೈ ಹಿಡಿದು ಹೊಗಳಿದ! ಆರು ವರ್ಷದಲ್ಲಿ ಮೊದಲನೇ ಸಲ.

ಸೈಲಸನಿಗೆ ಗೊತ್ತಾಯ್ತು.

ಆರಾಧನೆ ಮುಗಿದ ಮೇಲೆ ಚರ್ಚಿನ ಒಳಕೋಣೆಗೆ ಬಂದ. ಮುಖ ಬಿಳುಚಿತ್ತು. ಟೋಪಿ ಹಿಂಡ್ತಾ, 'ಅಕ್ಕಾವ್ರೇ, ಬಟ್ಟಲಲ್ಲಿ ಇದ್ದದ್ದು ನೀರಲ್ಲ. ಆ ರುಚಿ ನನಗೆ ಗೊತ್ತು. ನನ್ನ ಪ್ರತಿಜ್ಞೆ ಮುರೀತಾ, ಉಳೀತಾ? ನೀವೇ ಹೇಳಿ' ಅಂದ. ಸಣ್ಣ ಮಗು ಕೇಳಿದ ಹಾಗೆ ಕೇಳಿದ. ಹೌದಪ್ಪಾ, ತಪ್ಪು ನನ್ನದು, ನಿನ್ನದು ಮುರಿದಿಲ್ಲ ಅಂತ ಒಂದು ಮಾತು ಸಾಕಾಗಿತ್ತು. ನಾನು... ಅಲ್ಲಿದ್ದವರಿಗೆಲ್ಲ ಕೇಳೋ ಹಾಗೆ, 'ಕುಡುಕನ ನಾಲಿಗೆಗೆ ನೀರೂ ಹೆಂಡವೇ' ಅಂದೆ. ಎಲ್ಲರೂ ನಕ್ಕರು. ಅವನೂ ಒಂದು ಥರ ನಕ್ಕ. ಟೋಪಿ ಹಾಕ್ಕೊಂಡು ಹೋದ.

ಎಲ್ಲಿಗೆ ಹೋದ ಅಂತ ನನ್ನನ್ನೇನು ಕೇಳ್ತೀಯಾ ಈಗ...

ಅತ್ತ ಯಾಕೆ ನೋಡ್ತೀಯಾ? ಏನಿದೆ ಅಲ್ಲಿ? ಮೆಟ್ಟಿಲ ಕೆಳಗೆ... ಆ ಜೋಡು ಗಂಡಸಿನದು. ಅದರ ಮರದ ಅಟ್ಟೆ ಇನ್ನೂ ಒದ್ದೆ. ಪೆಗ್ಗಿ... ಅವನು ಮನೆಯಲ್ಲೇ? ಮೆಟ್ಟಿಲ ಮೇಲೆ? ಆಗಿನಿಂದಲೂ?

ಅದಕ್ಕಾ ನೀನು ಸುಮ್ಮನಿದ್ದದ್ದು.

ಆ ಚೀಟಿ ಮುಟ್ಟೋದಿಲ್ಲ ಕಣೇ, ಅದು ಅಲ್ಲೇ ಇರಲಿ. ಇಗೋ, ನನ್ನ ಚೀಲದಲ್ಲಿ ನನ್ನದಿದೆ, ಇದನ್ನೇ ಒಯ್ತೀನಿ. ಇವತ್ತು ಸಂಜೆ ಕೆಂಪು ಗೆರೆ ಬೀಳಬೇಕಾದದ್ದು ಈ ಹೆಸರಿನ ಮೇಲೆ. ಬಟ್ಟಲಲ್ಲಿ ಏನಿತ್ತು ಅಂತ ನಾನೇ ಎದ್ದು ಹೇಳ್ತೀನಿ, ಮೇಸ್ತ್ರಿಗೂ ಹೇಳ್ತೀನಿ. ಬಾರ್ಲೋ ನಗಲಿ. ಹೊಟ್ಟೆ ತುಂಬ ನಗಲಿ, ಪಾಪ, ಅವನಿಗೂ ಸಂತೋಷ ಬೇಡವೇ?

ಏಳ್ತೀನಿ. ಗಂಜಿ ಆರಿಹೋಯ್ತು, ಬಿಸಿ ಮಾಡಿ ಅವನಿಗೂ ಕೊಡು. ಈ ಸಲ ನಿಮ್ಮ ಪಾಲಿನ ಆಮೆನ್ ನಾನು ಅನ್ನೋದಿಲ್ಲ; ಮನಸ್ಸು ಬಂದ ದಿನ ನೀವೇ ಅನ್ನಿ. ಕೆಳಗೆ ಕೂತು ಕೇಳಿದವಳಿಗೂ, ಮೆಟ್ಟಿಲ ಮೇಲೆ ಕೂತು ಕೇಳಿದವನಿಗೂ, ನನ್ನಂಥವಳ ಮಾತನ್ನ ತಾಳ್ಮೆಯಿಂದ ಕೇಳಿದವರು ಯಾರ್ಯಾರಿದ್ದಾರೋ ಅವರಿಗೆಲ್ಲ, ಸ್ವಾಮಿ ತಣ್ಣನೆಯ ನೀರಿನಂಥ ಸಮಾಧಾನ ಕೊಡಲಿ.