ಎಪ್ಪತ್ತೆರಡನೇ ಚಾನೆಲ್

ಕೆರಿಬಿಯನ್ ಸಮುದ್ರದ ಕ್ಯಾರಿಯಾಕೂ ದ್ವೀಪದ ಬ್ರೆಡ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ನೋರೀನ್, ಅವಳ ಗಂಡ ವಿಲ್ಫ್ರೆಡ್ ನಿಂತಿದ್ದರು. ಹಾಯಿದೋಣಿಯಲ್ಲೇ ಸಂಸಾರ ಮಾಡುವವರು. ನಮ್ಮ ಬಂದರಿನಲ್ಲಿ ಯಾರಾದರೂ ಗುಟ್ಟು ಮಾತಾಡಲು ದೋಣಿಯ ರೇಡಿಯೋದಲ್ಲಿ ಎಲ್ಲರ ಚಾನೆಲ್ ಬಿಟ್ಟು ಎಪ್ಪತ್ತೆರಡಕ್ಕೆ ಹೋದರೆ ಮಿಕ್ಕವರೆಲ್ಲ ಅವರ ಬೆನ್ನಿಗೇ ಹೋಗಿ ಕದ್ದು ಕೇಳುತ್ತಾರೆ. ವಿಲ್ಫ್ರೆಡ್ ಅದನ್ನು ಮರೆತಿದ್ದ.

“ಬೆಳಿಗ್ಗೆ ಪಕ್ಕದ ದೋಣಿಯವಳ ಹತ್ರ ಏನು ಮಾತು?”

“ಹವಾಮಾನ ಕೇಳ್ದೆ ಅಷ್ಟೆ.”

“ಹವಾಮಾನ ಕೇಳೋನು ‘ನನ್ನ ಹೆಂಡತಿ ಬಟ್ಟೆ ಒಗೆಯೋಕೆ ದಡಕ್ಕೆ ಹೋದಾಗ ಬನ್ನಿ’ ಅಂತಾನಾ?”

“ಕೇಳಿಸ್ಕೊಂಡ್ಯಾ?”

“ಇಡೀ ಬಂದರೇ ಕೇಳಿಸ್ಕೊಂಡಿದೆ. ಅಂಗಡಿಯವಳ ಮುಖ ನೋಡು, ನಗು ತಡ್ಕೊಂಡು ನಿಂತಿದ್ದಾಳೆ.”

“ಅವಳು ದೋಣಿ ನೋಡೋಕೆ ಬರ್ತಾಳೆ ಕಣೆ.”

“ಯಾಕೆ, ಅವಳ ಹತ್ರ ದೋಣಿ ಇಲ್ವಾ?”

“ಅವಳ ತಮ್ಮನಿಗೆ. ಕೊಂಡ್ಕೋತಾನಂತೆ.”

“ನಾನಿರೋ ಮನೇನ ನನಗೇ ಹೇಳ್ದೆ ಮಾರ್ತೀಯಾ?”

“ಸಾಕಾಯ್ತು ನೋರೀನ್. ಸಮುದ್ರ ಸಾಕಾಯ್ತು.”

“ಸಮುದ್ರ ಸಾಕಾಯ್ತಾ, ಇಲ್ಲಾ ಸಮುದ್ರ ಕಾಣ್ತಿಲ್ವಾ?”

ಸಾಲು ಮುಂದೆ ಸರಿಯಿತು. ಅವನು ನಿಂತಲ್ಲೇ ನಿಂತಿದ್ದ.

“ನಿಂಗೆ ಹೇಗೆ ಗೊತ್ತಾಯ್ತು?”

“ಆಂಟಿಗುವಾದಿಂದ ಇಲ್ಲೀವರೆಗೆ ದೋಣಿಯ ಮೂತಿಯಲ್ಲಿ ನಿಂತು ‘ಎಡಕ್ಕೆ ಬಂಡೆ, ಬಲಕ್ಕೆ ಬಂಡೆ’ ಅಂತ ಗಂಟಲು ಹರ್ಕೊಂಡಿದ್ದು ಯಾಕೆ ಅಂದ್ಕೊಂಡೆ? ನಂಗೆ ಹಾಡು ಬರಲ್ಲ ಅಂತಾನಾ?”

ಬಿಸಿ ಬ್ರೆಡ್ ಕಂಕುಳಿಗೆ ಸಿಕ್ಕಿಸಿಕೊಂಡು ಇಬ್ಬರೂ ಹೊರಟರು.

“ಮೆಟ್ಟಿಲಿದೆ,” ಅಂದಳು.

“ಕಾಣ್ತಿದೆ.”

ಅವಳು ನಂಬಲಿಲ್ಲ, ಹಿಡಿದ ತೋಳು ಬಿಡಲೂ ಇಲ್ಲ.