ಕೆಟ್ಟ ಬಾಯ್ಲರ್ ಉಳಿಸಿದ ಮೊಟ್ಟೆ

ವೇಲ್ಸ್‌ನ ಸ್ವಾನ್ಸಿ ಮಾರುಕಟ್ಟೆಯ ಬ್ರೆಡ್ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಈರ್ಲಿಸ್‌ಗೆ ಮುಂದಿದ್ದ ಇಬ್ಬರು ಹೆಂಗಸರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅವರಲ್ಲೊಬ್ಬಳು ಕೋಟಿನ ಮೇಲೆ ಇನ್ನೊಂದು ಕೋಟು ತೊಟ್ಟಿದ್ದಳು.

“ಮೊಟ್ಟೆ ಒಡೀತು ಕಣೇ ಮೈರ್! ಬೆಳಿಗ್ಗೆ ಮೂರು ಮರಿ. ನೊಣದಷ್ಟಿವೆ, ಆಗ್ಲೇ ನನ್ನ ಗಂಡನ ಹಾಗೆ ಮುಖ ಗಂಟಿಕ್ಕೊಂಡಿವೆ.”

“ನಿನ್ನ ಗಂಡ ಹವೆಲ್ ಸಾಕಿದ್ದ ಆ ಪುಟಾಣಿ ಊಸರವಳ್ಳಿದಾ, ಗ್ಲೆನಿಸ್? ಅದು ಸತ್ತೋಯ್ತಲ್ಲೇ?”

“ಮೊಟ್ಟೆ ಇಟ್ಟ ಮಾರನೇ ದಿನಾನೇ ಹೋಯ್ತು. ಇವನು ಎರಡು ದಿನ ಊಟ ಮುಟ್ಟಲಿಲ್ಲ. ಮೊಟ್ಟೆನಾದ್ರೂ ಉಳೀಲಿ ಅಂತ ಮನೆ ಬೆಚ್ಚಗಿಡೋ ಬಾಯ್ಲರ್ ಪಕ್ಕದ ಬೀರುನಲ್ಲಿಟ್ಟ.”

“ಟವೆಲ್ ಬೆಚ್ಚಗಿಡೋ ಬೀರುನಲ್ಲಾ? ಒಳ್ಳೇದೇ ಮಾಡಿದ. ನಮ್ಮಮ್ಮ ಬ್ರೆಡ್ ಹಿಟ್ಟನ್ನೂ ಅಲ್ಲೇ ಇಡ್ತಿದ್ದಳು.”

“ಹಿಟ್ಟು ಉಬ್ಬುತ್ತೆ, ಇವು ಬೆಂದುಹೋಗ್ತವಂತೆ! ಈ ಜಾತಿಗೆ ತಂಪೇ ಬೇಕಂತೆ. ಸಾಕೋರೊಬ್ಬರು ನಿನ್ನೆ ಹೇಳಿದ್ರು. ಇವನ ಮುಖ ನೋಡ್ಬೇಕಿತ್ತು ನೀನು.”

“ಮತ್ತೆ ಬದುಕಿದ್ದು ಹೇಗೇ?”

“ಅವನು ಇಟ್ಟ ಸಂಜೆನೇ ಬಾಯ್ಲರ್ ಕೆಟ್ಟಿತ್ತಲ್ಲ! ಅದರ ಬಿಡಿಭಾಗ ಸಿಗದೆ ಎರಡು ತಿಂಗಳು ನಡುಗಿಕೊಂಡು ಅದಕ್ಕೆ ಹಿಡಿಶಾಪ ಹಾಕಿದ್ದೇ ಹಾಕಿದ್ದು. ಇವತ್ತು ಅದಕ್ಕೊಂದು ಮುತ್ತು ಕೊಟ್ಟೆ.”

“ರಿಪೇರಿಯವನು ಮಧ್ಯಾಹ್ನ ಬರ್ತಾನೆ ಅಂದಿದ್ದೆ. ಅಂತೂ ನಿನ್ನ ಚಳಿ ಬಿಡ್ತು.”

“ಬರಬೇಡಪ್ಪಾ ಅಂತ ಫೋನ್ ಮಾಡಿದೆ.”

“ಹುಚ್ಚು ಹಿಡೀತೇನೇ ನಿನಗೆ?”

“ಇನ್ನೂ ನಾಲ್ಕು ಒಡೀಬೇಕು ಮಾರಾಯ್ತಿ. ಈಗ ಅಲ್ಲಿಂದ ಕದಲಿಸೋ ಹಾಗೂ ಇಲ್ಲವಂತೆ.”

ಗ್ಲೆನಿಸ್ ಬ್ರೆಡ್ ತೆಗೆದುಕೊಂಡು, ಮೇಲಿನ ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು, ನಗುತ್ತಾ ಮನೆಯ ದಾರಿ ಹಿಡಿದಳು.