ಗಂಟೆ ಹೊಡೆಯುವವರೆಗೆ

ನಾನು ಸೈಕಲ್ ರಿಪೇರಿ ಕೆಲಸದವಳು. ವಯಸ್ಸು ಹತ್ತೊಂಬತ್ತು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟಿದ್ದೇನೆ. ಅಂಗಡಿಯಲ್ಲಿ ಎಲ್ಲರೂ ಕರೆಯುವುದು ಪಂಕ್ಚರ್ ಎಂದು. ಅಮ್ಮ ಮತ್ತು ತಮ್ಮನೊಂದಿಗೆ ಅಂಗಡಿಯ ಮೇಲಿನ ಮನೆಯಲ್ಲಿ ವಾಸ. ತಮ್ಮನಿಗೆ ಎಂಟು ವರ್ಷ. ಆಟಿಸಂ ಇದೆ, ಮಾತು ಬಂದಿಲ್ಲ. ಅವನು ಹೋಗುವ ತರಬೇತಿ ಕೇಂದ್ರದಲ್ಲಿ ನಿನ್ನೆ ಬೆಂಕಿ ಹತ್ತಿದ ಬಗ್ಗೆ ನಾನು ಕಂಡಂತೆ ಪೊಲೀಸರಿಗೆ ತಿಳಿಸುವುದೇನೆಂದರೆ:

ಕೇಂದ್ರಕ್ಕೆ ಸೇರುವ ಮೊದಲು ತಮ್ಮ ಒಂದು ಕಡೆ ನಿಲ್ಲುತ್ತಿರಲಿಲ್ಲ. ಬಸ್ಸಿನ ಚಕ್ರದಡಿ ಸಿಗುವುದು ಎರಡು ಸಲ ಕೂದಲೆಳೆಯಲ್ಲಿ ತಪ್ಪಿತ್ತು. ಕೂರುವುದೊಂದನ್ನು ಕಲಿಸಿಕೊಡಿ ಎಂದು ಅಮ್ಮ ಟೀಚರ್ ಕೈ ಹಿಡಿದು ಕೇಳಿಕೊಂಡಿದ್ದಳು. ಟೀಚರ್ ಕಲಿಸಿದರು. ಮೇಜಿನ ಮೇಲೆ ಒತ್ತುವ ಗಂಟೆ ಇರುತ್ತದೆ. ಅದು ಹೊಡೆದ ಮೇಲೆಯೇ ಏಳಬೇಕು, ಕುರ್ಚಿ ಒಳಗೆ ತಳ್ಳಬೇಕು, ಆಮೇಲೆ ತಿರುಗಿಸಲು ಸೈಕಲ್ಲಿನ ಫ್ರೀವೀಲ್, ಅಂದರೆ ಹಿಂದಿನ ಗಾಲಿಯ ಹಲ್ಲುಚಕ್ರ, ಸಿಗುತ್ತದೆ. ಆ ಫ್ರೀವೀಲ್ ನಾನೇ ಕೊಟ್ಟದ್ದು. ಗಂಟೆಯನ್ನು ಅವನು ಮುಟ್ಟಿದರೆ ಫ್ರೀವೀಲ್ ಇಲ್ಲ. ಹೀಗೆ ಕೂತು ಅವನು ಬಣ್ಣ ಜೋಡಿಸಲು, ಚಿತ್ರ ತೋರಿಸಿ ನೀರು ಕೇಳಲು ಕಲಿತ. ಅದನ್ನೂ ತಾವು ಬರೆದುಕೊಳ್ಳಬೇಕು. ಒಂಬತ್ತು ವರ್ಷ ಶಾಲೆಗೆ ಹೋಗಿ ನೀನು ಕಲೀದೇ ಇದ್ದದ್ದನ್ನ ಇವನು ಆರು ತಿಂಗಳಲ್ಲಿ ಕಲಿತ ನೋಡೇ ಪಂಕ್ಚರ್ ಎಂದು ಟೀಚರ್ ಛೇಡಿಸಿದ್ದರು. ನಾನೂ ನಕ್ಕಿದ್ದೆ.

ನಿನ್ನೆ ಮಧ್ಯಾಹ್ನ ಮೂರೂವರೆಗೆ ಅವನನ್ನು ಕರೆತರಲು ಹೋದಾಗ ಇನ್ವರ್ಟರ್ ಇಟ್ಟ ಕೋಣೆಯಿಂದ ಕಪ್ಪು ಹೊಗೆ ಬರುತ್ತಿತ್ತು. ಟೀಚರ್ ಉಳಿದ ನಾಲ್ಕು ಮಕ್ಕಳೊಂದಿಗೆ ರಸ್ತೆಯಲ್ಲಿದ್ದರು. ಒಂದು ಮಗು ಅವರ ಸೊಂಟದ ಮೇಲಿತ್ತು. ನಿನ್ನ ತಮ್ಮ ಒಳಗೇ ಕೂತಿದ್ದಾನೆ ಕಣೇ, ಎಳೆದ್ರೆ ಕಚ್ತಾನೆ ಎಂದು ಆಯಾ ಅಳುತ್ತಾ ಕೈ ತೋರಿಸಿದಳು. ರಕ್ತ ಬರುತ್ತಿತ್ತು.

ನಾನು ಬಗ್ಗಿಕೊಂಡು ಒಳಗೆ ಹೋದೆ. ತಮ್ಮ ಕೈಕಟ್ಟಿ ನೆಟ್ಟಗೆ ಕೂತಿದ್ದ. ಕೆಮ್ಮುತ್ತಿದ್ದ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಗಂಟೆಯನ್ನೇ ನೋಡುತ್ತಿದ್ದ. ಅದು ಅವನಿಂದ ಒಂದು ಗೇಣು ದೂರದಲ್ಲಿತ್ತು. ಎಳೆದೆ. ನನ್ನ ಬಲಗೈಯನ್ನೂ ಕಚ್ಚಿದ. ಆಗ ಗಂಟೆ ಒತ್ತಿದೆ. ಎದ್ದ. ಕುರ್ಚಿಯನ್ನು ಮೇಜಿನಡಿಗೆ ತಳ್ಳಿದ. ಫ್ರೀವೀಲ್‌ಗಾಗಿ ಅಂಗೈ ಚಾಚಿದ. ಆ ಕೈ ಹಿಡಿದೇ ಹೊರಗೆ ತಂದೆ. ಮೆಟ್ಟಿಲ ಬಳಿ ಕುಸಿದ.

ಹುಡುಗ ಹಟ ಹಿಡಿದು ಬರಲಿಲ್ಲ ಎಂದು ಕೇಂದ್ರ ನಡೆಸುವ ಮೇಡಂ ಹೇಳಿಕೆಯಲ್ಲಿ ಬರೆಸಿದ್ದಾರಂತೆ. ಕಚ್ಚಿದ್ದು ನಿಜ. ಹಟ ಸುಳ್ಳು. ಅವನು ಹೇಳಿಕೊಟ್ಟಂತೆ ಕೂತಿದ್ದ. ಬೆಂಕಿ ಹತ್ತಿದರೆ ಏಳಬೇಕೆಂದು ಅವರೂ ಕಲಿಸಿರಲಿಲ್ಲ, ನಾವೂ ಕಲಿಸಿರಲಿಲ್ಲ.

ಬಾಯಿಗೊಂದು ಬೀಗ ಹಾಕ್ಕೊಳ್ಳೇ, ಅವರನ್ನ ಎದುರು ಹಾಕ್ಕೊಂಡ್ರೆ ನಾಳೆ ಇವನನ್ನ ಯಾರು ಸೇರಿಸ್ಕೋತಾರೆ, ಇರೋದೇ ಅದೊಂದು ಎಂದು ಅಮ್ಮ ಬೇಡಿಕೊಂಡಳು. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಹಟಮಾರಿ ಎಂದು ಒಮ್ಮೆ ಕಾಗದಕ್ಕೆ ಬಿದ್ದರೆ, ಅಲ್ಲ ಎನ್ನಲು ಅವನಿಗೆ ಬಾಯಿಲ್ಲ.

ಹೊರಬರುವಾಗ ಗಂಟೆ ನನ್ನ ಕೈಯಲ್ಲೇ ಉಳಿದಿತ್ತು. ಅದನ್ನು ಸಾಕ್ಷ್ಯಕ್ಕಾಗಿ ಒಪ್ಪಿಸಲು ತಾವು ಕೇಳಿದ್ದೀರಿ. ಈಗ ಕೊಡಲಾರೆ. ಇಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ತಮ್ಮನಿಗೆ ಎಚ್ಚರವಾಯಿತು. ನರ್ಸ್ ಎಷ್ಟು ಕರೆದರೂ ಏಳದೆ, ಹಾಸಿಗೆ ಒದ್ದೆ ಮಾಡಿಕೊಂಡು, ಗಂಟೆ ಹಿಡಿದ ನನ್ನ ಕೈಯನ್ನೇ ನೋಡುತ್ತಿದ್ದ. ಇದಿಲ್ಲದೆ ಏಳುವುದನ್ನು ಅವನು ಕಲಿತ ದಿನ ನಾನೇ ತಂದು ಒಪ್ಪಿಸುತ್ತೇನೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಆಸ್ಪತ್ರೆ, ಮಕ್ಕಳ ವಾರ್ಡಿನ ಹೊರಗಿನ ಬೆಂಚು
ದಿನಾಂಕ: ಘಟನೆಯ ಮರುದಿನ, ಸಂಜೆ
ಸಹಿ: ಬಲಗೈಗೆ ಪಟ್ಟಿ ಕಟ್ಟಿರುವುದರಿಂದ ಎಡಗೈಯಲ್ಲಿ ಮಾಡಿದ್ದೇನೆ